ಸಪ್ತಾಪುರದಲ್ಲಿ ಕೂಡಿದ ಸೆನೆಟ್: ಅಮೆರಿಕದ ಆಡಳಿತ ಕುರಿತ ಒಂದು ವಾರಾಂತ್ಯ ಕೋರ್ಸಿನ ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳಿಗೆ ಬರವಿಲ್ಲ. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಐಎಎಸ್ ಎಂದು ಒಂದೊಂದು ಕಟ್ಟಡದ ಮೇಲೂ ನಾಲ್ಕಾರು ಫ್ಲೆಕ್ಸ್ ಬೋರ್ಡುಗಳು ತೂಗುತ್ತವೆ. ಅಂಥ ಕೇಂದ್ರಗಳಲ್ಲೊಂದು ಈಚೆಗೆ ಶನಿವಾರ ಮತ್ತು ರವಿವಾರದ ಸಂಜೆಗಳಲ್ಲಿ ಅಮೆರಿಕದ ಸರ್ಕಾರ, ರಾಜಕಾರಣ ಮತ್ತು ಸಾರ್ವಜನಿಕ ನೀತಿಯ ಕುರಿತು ಎರಡು ತಿಂಗಳ ಕೋರ್ಸೊಂದನ್ನು ಕನ್ನಡದಲ್ಲಿ ನಡೆಸಿತು. ಆ ಕೋರ್ಸನ್ನು ಪೂರ್ತಿಯಾಗಿ ಕೇಳಿದವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಹಾಕಿದರೆ ಹೊಗಳಿಕೆಯ ಮಾತು ಜಾಹೀರಾತಾಗುತ್ತದೆ, ತೆಗಳಿಕೆಯ ಮಾತು ಜಗಳವಾಗುತ್ತದೆ. ಆದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಸಪ್ತಾಪುರದಲ್ಲಿ ಓಡಾಡುವವರಿಗೆ ಅದು ಯಾವುದೆಂದು ತಿಳಿಯುವುದು ಕಷ್ಟವೇನಲ್ಲ.

ಶುಲ್ಕ ನಾಲ್ಕು ಸಾವಿರ ರೂಪಾಯಿ, ಕಾಲೇಜಿನ ಗುರುತಿನ ಚೀಟಿ ತೋರಿಸಿದವರಿಗೆ ಒಂದು ಸಾವಿರ ಕಡಿಮೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಎರಡನೆಯ ಪತ್ರಿಕೆಯಲ್ಲಿ ಭಾರತದ ಸಾಂವಿಧಾನಿಕ ವ್ಯವಸ್ಥೆಯನ್ನು ಇತರ ದೇಶಗಳ ವ್ಯವಸ್ಥೆಯೊಂದಿಗೆ ಹೋಲಿಸುವ ಭಾಗವಿರುವುದರಿಂದ ಬಂದವರಲ್ಲಿ ಹೆಚ್ಚಿನವರು ಪರೀಕ್ಷಾರ್ಥಿಗಳೇ ಆಗಿದ್ದರು. ಉಳಿದವರಲ್ಲಿ ಕಾನೂನು ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಮಗಳು ಟೆಕ್ಸಾಸಿನಲ್ಲಿರುವ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರು ಮತ್ತು ಪತ್ರಿಕೆಯ ವಿದೇಶ ಪುಟವನ್ನು ಕೊನೆಯ ಸಾಲಿನವರೆಗೆ ಓದುವ ನನ್ನಂಥ ಒಂದಿಬ್ಬರು ವಕೀಲರು ಇದ್ದರು. ಪಾಠ ಮಾಡಿದವರು ರಾಜ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು.

ಈ ವಿಷಯದ ಪಾಠ ಸಾಮಾನ್ಯವಾಗಿ ಹೇಗೆ ಶುರುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 1787ರ ಫಿಲಡೆಲ್ಫಿಯಾ ಸಮಾವೇಶ, ಸಂವಿಧಾನದ ಏಳು ವಿಧಿಗಳು, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಚೌಕಗಳು, ಅವುಗಳ ನಡುವೆ ಬಾಣದ ಗುರುತುಗಳು, ಕೆಳಗೆ ‘ನಿಯಂತ್ರಣ ಮತ್ತು ಸಮತೋಲನ’ ಎಂಬ ಒಂದು ಸಾಲು. ವಿದ್ಯಾರ್ಥಿ ಅದನ್ನು ಬರೆದುಕೊಂಡು ಮನೆಗೆ ಹೋಗುತ್ತಾನೆ. ಮರುದಿನ ಪತ್ರಿಕೆಯಲ್ಲಿ ಅಮೆರಿಕದ ಸರ್ಕಾರ ಬಾಗಿಲು ಹಾಕಿದೆ ಎಂಬ ಸುದ್ದಿ ಓದಿದಾಗ ಆ ಮೂರು ಚೌಕಗಳಲ್ಲಿ ಯಾವುದು ಯಾಕೆ ಬಾಗಿಲು ಹಾಕಿತು ಎಂಬುದು ಅವನಿಗೆ ಹೊಳೆಯುವುದಿಲ್ಲ. ಈ ಪ್ರಾಧ್ಯಾಪಕರು ಚೌಕಗಳನ್ನು ಬರೆಯಲೇ ಇಲ್ಲ. ಮೊದಲ ದಿನವೇ ಒಂದು ಮಸೂದೆಯನ್ನು ಕೈಗೆ ಕೊಟ್ಟು, ಅದು ಯಾವ ಯಾವ ಮೇಜಿನ ಮೇಲೆ ನಿಲ್ಲುತ್ತದೆ, ಯಾರು ಅದನ್ನು ನಿಲ್ಲಿಸಬಲ್ಲರು, ನಿಲ್ಲಿಸಿದವರನ್ನು ದಾಟುವ ದಾರಿ ಯಾವುದು ಎಂಬ ಮೂರೇ ಪ್ರಶ್ನೆಗಳನ್ನು ಕೋರ್ಸಿನುದ್ದಕ್ಕೂ ಹಿಡಿದುಕೊಂಡು ನಡೆದರು. ಅಮೆರಿಕದ ವ್ಯವಸ್ಥೆಯನ್ನು ಅರಿಯಬೇಕಾದರೆ ಅಲ್ಲಿ ಕೆಲಸಗಳು ಹೇಗೆ ಆಗುತ್ತವೆ ಎಂಬುದಕ್ಕಿಂತ ಹೇಗೆ ಆಗದೆ ಉಳಿಯುತ್ತವೆ ಎಂಬುದನ್ನು ಮೊದಲು ನೋಡಬೇಕೆಂಬ ಅವರ ನಿಲುವು ಸರಿಯಾದುದೆಂದು ನನಗೆ ಅನ್ನಿಸಿತು. ಕೋರ್ಸಿನಲ್ಲಿ ಆ ಮೂರು ಪ್ರಶ್ನೆಗಳನ್ನು ಬಿಡದೆ ಕೇಳಿದ ಭಾಗಗಳು ಗೆದ್ದಿವೆ, ಅವುಗಳನ್ನು ಕೈಬಿಟ್ಟ ಭಾಗಗಳು ಸೊರಗಿವೆ.

ಗೆದ್ದ ಭಾಗಗಳಲ್ಲಿ ಮೊದಲನೆಯದು ಅಲ್ಲಿಯ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಕುರಿತ ಪಾಠ. ಅಂದು ತರಗತಿಯಲ್ಲಿದ್ದ ನಲವತ್ತು ಜನರನ್ನು ಬೆಂಚಿಗಿಬ್ಬರಂತೆ ಕೂರಿಸಿ, ಒಂದೊಂದು ಬೆಂಚಿಗೆ ಒಂದೊಂದು ರಾಜ್ಯದ ಹೆಸರಿಟ್ಟು, ‘ಅವಳಿ ನಗರಕ್ಕೆ ದಿನಾಲೂ ಕುಡಿಯುವ ನೀರು’ ಎಂಬ ಮಸೂದೆಯನ್ನು ಮಂಡಿಸಲಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರಿಗಾಗಿ ವಾರಗಟ್ಟಲೆ ಕಾಯ್ದವರಿಗೆ ಈ ಮಸೂದೆಯ ರುಚಿ ಗೊತ್ತು. ಪರವಾಗಿ ಇಪ್ಪತ್ಮೂರು, ವಿರುದ್ಧವಾಗಿ ಹದಿನೇಳು ಕೈಗಳು ಎದ್ದವು. ಬಹುಮತ ಸ್ಪಷ್ಟವಾಗಿತ್ತು, ಪರ ಇದ್ದವರು ಚಪ್ಪಾಳೆಯನ್ನೂ ತಟ್ಟಿದರು. ಆಗ ಪ್ರಾಧ್ಯಾಪಕರು ವಿರೋಧಿಗಳಲ್ಲೊಬ್ಬಳಾದ ಹಾವೇರಿಯ ವಿದ್ಯಾರ್ಥಿನಿಗೆ, ‘ನೀ ಮಾತಾಡಕೋತ ಇರವಾ, ಯಾರೂ ಕೂಡು ಅನ್ನಂಗಿಲ್ಲ’ ಎಂದರು. ಆಕೆ ವಿಷಯದ ಮೇಲೆ ಐದು ನಿಮಿಷ ಮಾತಾಡಿ, ಹೇಳಲು ಏನೂ ಉಳಿಯದೆ, ಗಿರಮಿಟ್ ಮಾಡುವ ಬಗೆಯನ್ನು ಚುರಮುರಿ ಆರಿಸುವುದರಿಂದ ಹಿಡಿದು ಪುಟಾಣಿ ಹಿಟ್ಟು ಕಲಸುವವರೆಗೆ ವಿವರಿಸತೊಡಗಿದಳು. ತರಗತಿ ನಕ್ಕು ಸುಸ್ತಾದ ಮೇಲೆ ಪ್ರಾಧ್ಯಾಪಕರು, ಲೂಸಿಯಾನಾದ ಸೆನೆಟರ್ ಹ್ಯೂಯಿ ಲಾಂಗ್ 1935ರಲ್ಲಿ ಸದನದೊಳಗೆ ಮಾಡಿದ್ದೂ ಇದನ್ನೇ, ಅವರು ಕರಿದ ಸಿಂಪಿಯ ಅಡುಗೆಯನ್ನು ವಿವರಿಸಿದ್ದರು ಎಂದು ತಿಳಿಸಿದರು.

ಅಲ್ಲಿಂದ ನಿಯಮದ ಕಡೆಗೆ ಬಂದ ರೀತಿ ಅಚ್ಚುಕಟ್ಟಾಗಿತ್ತು. 1917ರವರೆಗೆ ಚರ್ಚೆಯನ್ನು ಮುಗಿಸಲು ಸೆನೆಟ್ಟಿನ ಕೈಯಲ್ಲಿ ನಿಯಮವೇ ಇರಲಿಲ್ಲ. ಆ ವರ್ಷ ಮೂರನೆಯ ಎರಡರಷ್ಟು ಮತಗಳಿಂದ ಚರ್ಚೆ ಮುಗಿಸಬಹುದೆಂಬ ನಿಯಮ ಬಂತು. 1975ರಲ್ಲಿ ಅದು ಐದನೆಯ ಮೂರಕ್ಕೆ, ಎಂದರೆ ನೂರರಲ್ಲಿ ಅರವತ್ತಕ್ಕೆ ಇಳಿಯಿತು. ನಮ್ಮ ನಲವತ್ತು ಜನರ ಸೆನೆಟ್ಟಿನಲ್ಲಿ ಇಪ್ಪತ್ನಾಲ್ಕು ಬೇಕಾಗಿತ್ತು. ಒಂದು ಮತದ ಕೊರತೆಯಿಂದ ಅವಳಿ ನಗರದ ನೀರು ನಿಂತಿತು. ಈಗ ಬಹುಮಟ್ಟಿಗೆ ಯಾರೂ ನಿಂತು ಮಾತಾಡುವ ಅಗತ್ಯವೂ ಇಲ್ಲ, ಮಾತಾಡುತ್ತೇವೆಂಬ ಬೆದರಿಕೆಯೇ ಸಾಕಾಗುತ್ತದೆ ಎಂಬುದನ್ನೂ, ನಿಂತು ಮಾತಾಡಿದವರಲ್ಲಿ 1957ರ ಸ್ಟ್ರಾಮ್ ಥರ್ಮಂಡರ 24 ಗಂಟೆ 18 ನಿಮಿಷದ ದಾಖಲೆಯನ್ನು 2025ರಲ್ಲಿ ಕೋರಿ ಬುಕರ್ 25 ಗಂಟೆ 5 ನಿಮಿಷ ಮಾತಾಡಿ ಮುರಿದದ್ದನ್ನೂ ಹೇಳಿದರು. ಥರ್ಮಂಡ್ ಮಾತಾಡಿದ್ದು ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು. ಬುಕರ್ ಕಪ್ಪು ವರ್ಣೀಯ ಸೆನೆಟರ್. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಪ್ರಾಧ್ಯಾಪಕರು ಸುಮ್ಮನಾದರು, ವ್ಯಾಖ್ಯಾನಕ್ಕೆ ಹೋಗಲಿಲ್ಲ.

ಅಡ್ಡಿಯನ್ನು ದಾಟುವ ದಾರಿಯನ್ನು ಮರುದಿನ ತೋರಿಸಿದರು. 1974ರ ಬಜೆಟ್ ಕಾಯ್ದೆಯ ಪ್ರಕಾರ ಆದಾಯ ಮತ್ತು ವೆಚ್ಚಕ್ಕೆ ನೇರ ಸಂಬಂಧಪಟ್ಟ ಮಸೂದೆಯನ್ನು ‘ರಿಕನ್ಸಿಲಿಯೇಶನ್’ ಎಂಬ ಹಾದಿಯಲ್ಲಿ ತಂದರೆ ಅರವತ್ತರ ಗೊಡವೆ ಇಲ್ಲದೆ ಸರಳ ಬಹುಮತದಿಂದಲೇ ಅಂಗೀಕರಿಸಬಹುದು. 2025ರ ಜುಲೈ 1ರಂದು ಅಧ್ಯಕ್ಷ ಟ್ರಂಪರ ತೆರಿಗೆ ಮತ್ತು ವೆಚ್ಚದ ದೊಡ್ಡ ಮಸೂದೆ ಸೆನೆಟ್ಟಿನಲ್ಲಿ 50-50ಕ್ಕೆ ನಿಂತಾಗ ಉಪಾಧ್ಯಕ್ಷ ವ್ಯಾನ್ಸ್ ನಿರ್ಣಾಯಕ ಮತ ಹಾಕಿದ್ದು ಈ ಹಾದಿಯಲ್ಲಿಯೇ. ಹಾಗೆಂದು ಬೇಕಾದುದನ್ನೆಲ್ಲ ಇದರೊಳಗೆ ತುರುಕಲಾಗದು. 2021ರಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸುವ ಅಂಶವು ಬಜೆಟ್ಟಿಗೆ ಸಂಬಂಧಪಟ್ಟದ್ದಲ್ಲವೆಂದು ಸೆನೆಟ್ಟಿನ ನಿಯಮಾಧಿಕಾರಿ ಅಭಿಪ್ರಾಯ ಕೊಟ್ಟ ಮೇಲೆ ಅದು ಅಂತಿಮ ಕಾಯ್ದೆಗೆ ಸೇರಲಿಲ್ಲ. ಯಾರೂ ಚುನಾಯಿಸದ ಒಬ್ಬ ಅಧಿಕಾರಿಯ ಟಿಪ್ಪಣಿಗೆ ಇಷ್ಟು ಬಲವಿದೆಯೇ ಎಂದು ನನ್ನ ಪಕ್ಕದ ಬ್ಯಾಂಕ್ ಮ್ಯಾನೇಜರರು ತಲೆದೂಗಿದರು. ನಲವತ್ತು ವರ್ಷ ಫೈಲುಗಳ ನಡುವೆ ಬದುಕಿದವರಿಗೆ ಅದು ಅಚ್ಚರಿಯಾಗಬಾರದಿತ್ತು.

ಪ್ರಾತಿನಿಧ್ಯದ ಲೆಕ್ಕವನ್ನು ನಮ್ಮ ಜಿಲ್ಲೆಗಳ ಅಳತೆಯಲ್ಲಿ ಹೇಳಿದ್ದು ಕೋರ್ಸಿನ ಇನ್ನೊಂದು ಹೆಚ್ಚುಗಾರಿಕೆ. ವಯೋಮಿಂಗ್ ರಾಜ್ಯದ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 5.77 ಲಕ್ಷ. 2011ರ ಗಣತಿಯಲ್ಲಿಯೇ ಹುಬ್ಬಳ್ಳಿ-ಧಾರವಾಡ ನಗರದ ಜನಸಂಖ್ಯೆ 9.43 ಲಕ್ಷ, ಗದಗ ಜಿಲ್ಲೆಯದು 10.64 ಲಕ್ಷ. ಎಂದರೆ ಗದಗ ಜಿಲ್ಲೆಗಿಂತ ಚಿಕ್ಕದಾದ ಒಂದು ರಾಜ್ಯ ಸೆನೆಟ್ಟಿಗೆ ಇಬ್ಬರನ್ನು ಕಳಿಸುತ್ತದೆ, ಸುಮಾರು 3.95 ಕೋಟಿ ಜನರ ಕ್ಯಾಲಿಫೋರ್ನಿಯಾ ಕಳಿಸುವುದೂ ಇಬ್ಬರನ್ನೇ. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮಿಗೆ 1 ಸ್ಥಾನವಿರುವುದನ್ನು ಹಲಗೆಯ ಇನ್ನೊಂದು ಬದಿಗೆ ಬರೆದು, ಎರಡು ದೇಶಗಳು ಒಕ್ಕೂಟವೆಂಬುದನ್ನು ಎಷ್ಟು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿವೆ ನೋಡಿ ಎಂದರು.

ಕೆಳಮನೆಯಾದ ಪ್ರತಿನಿಧಿ ಸಭೆಯ ಪಾಠ ಕ್ಷೇತ್ರ ಮರುವಿಂಗಡಣೆಯ ಕಡೆಗೆ ಹೊರಳಿದಾಗ ತರಗತಿ ನಿಜಕ್ಕೂ ಕಾವೇರಿತು, ಯಾಕೆಂದರೆ ಆ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೂ ಬಂದು ನಿಂತಿದೆ. ಅಲ್ಲಿ 435 ಸ್ಥಾನಗಳು ಸ್ಥಿರ; ಪ್ರತಿ ಹತ್ತು ವರ್ಷಕ್ಕೊಮ್ಮೆ ಗಣತಿಯಾದ ಮೇಲೆ ಅವು ರಾಜ್ಯಗಳ ನಡುವೆ ಮರುಹಂಚಿಕೆಯಾಗುತ್ತವೆ. 2020ರ ಗಣತಿಯ ನಂತರ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲಿ ಮೊದಲ ಸಲ ಒಂದು ಸ್ಥಾನ ಕಳೆದುಕೊಂಡಿತು, ಟೆಕ್ಸಾಸ್ ಎರಡನ್ನು ಗಳಿಸಿತು, ಇನ್ನು 89 ಜನ ಲೆಕ್ಕಕ್ಕೆ ಸಿಕ್ಕಿದ್ದರೆ ನ್ಯೂಯಾರ್ಕ್ ತನ್ನ ಸ್ಥಾನವನ್ನು ಉಳಿಸಿಕೊಳ್ಳುತ್ತಿತ್ತು. ಲೋಕಸಭೆಯ ಸ್ಥಾನಗಳು ರಾಜ್ಯಗಳ ನಡುವೆ ಇಂದಿಗೂ 1971ರ ಗಣತಿಯ ಲೆಕ್ಕದಲ್ಲಿ ನಿಂತಿವೆ ಎಂಬುದನ್ನೂ, 84ನೆಯ ತಿದ್ದುಪಡಿಯ ಪ್ರಕಾರ 2026ರ ನಂತರದ ಮೊದಲ ಗಣತಿಯವರೆಗೆ ಈ ತಡೆ ಇದೆಯೆಂಬುದನ್ನೂ ನೆನೆದರೆ ಕರ್ನಾಟಕದ 28 ಸ್ಥಾನಗಳ ಭವಿಷ್ಯವನ್ನು ಕುರಿತು ಯೋಚಿಸುವವರಿಗೆ ಆ 89ರ ಸಂಖ್ಯೆ ಸುಮ್ಮನೆ ಬಿಡುವುದಿಲ್ಲ. ಕ್ಷೇತ್ರದ ಗೆರೆ ಎಳೆಯುವವರು ಯಾರೆಂಬ ವ್ಯತ್ಯಾಸವನ್ನೂ ಪ್ರಾಧ್ಯಾಪಕರು ಬಿಡಲಿಲ್ಲ. ನಮ್ಮಲ್ಲಿ ಅದು ನಿವೃತ್ತ ಅಥವಾ ಹಾಲಿ ನ್ಯಾಯಾಧೀಶರ ನೇತೃತ್ವದ ಆಯೋಗದ ಕೆಲಸ. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಶಾಸಕಾಂಗವೇ ಗೆರೆ ಎಳೆಯುತ್ತದೆ. ಪಕ್ಷದ ಲಾಭಕ್ಕಾಗಿ ಎಳೆದ ಗೆರೆಗಳನ್ನು ಫೆಡರಲ್ ನ್ಯಾಯಾಲಯಗಳು ಪರಿಶೀಲಿಸಲಾರವೆಂದು ಸುಪ್ರೀಂ ಕೋರ್ಟ್ 2019ರಲ್ಲಿ 5-4ರಿಂದ ತೀರ್ಪಿತ್ತಿತು. 2025ರಲ್ಲಿ ಟೆಕ್ಸಾಸ್ ದಶಕದ ನಡುವೆಯೇ ನಕ್ಷೆಯನ್ನು ಬದಲಿಸಿದರೆ, ಕ್ಯಾಲಿಫೋರ್ನಿಯಾ ಅದೇ ನವೆಂಬರಿನಲ್ಲಿ ಜನಮತದ ಮೂಲಕ ಪ್ರತಿ-ನಕ್ಷೆಯೊಂದನ್ನು ಒಪ್ಪಿಕೊಂಡಿತು.

ಶಟ್‌ಡೌನ್ (ಹಣ ಮಂಜೂರಾಗದೆ ಸರ್ಕಾರಿ ಕಚೇರಿಗಳು ಬಾಗಿಲು ಹಾಕುವುದು) ಕುರಿತ ಪಾಠದಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿದ್ದುದೇ ಆಗಿತ್ತು: ‘ಸರ್, ಬಜೆಟ್ ಬಿದ್ರ ಸರ್ಕಾರನ ಬೀಳಬೇಕಲ್ರಿ? ಅದು ಹೆಂಗ ಕುಂತಿರತೈತ್ರಿ?’ ನಮ್ಮಲ್ಲಿ ಹಣಕಾಸು ಮಸೂದೆ ಲೋಕಸಭೆಯಲ್ಲಿ ಸೋತರೆ ಮಂತ್ರಿಮಂಡಲ ಮನೆಗೆ ಹೋಗುತ್ತದೆ. ಬಜೆಟ್ ತಡವಾದರೆ 116ನೆಯ ವಿಧಿಯ ಲೇಖಾನುದಾನವಿದೆ. ಅಲ್ಲಿ ಅಧ್ಯಕ್ಷ ಕಾಂಗ್ರೆಸ್ಸಿನ, ಎಂದರೆ ಅಲ್ಲಿಯ ಸಂಸತ್ತಿನ, ವಿಶ್ವಾಸದ ಮೇಲೆ ನಿಂತವನಲ್ಲ, ಕಾಂಗ್ರೆಸ್ಸನ್ನು ವಿಸರ್ಜಿಸುವ ಅಧಿಕಾರ ಅಧ್ಯಕ್ಷನಿಗಿಲ್ಲ. ಇಬ್ಬರೂ ತಮ್ಮ ತಮ್ಮ ಅವಧಿ ಮುಗಿಯುವವರೆಗೆ ಕೂತಿರಬಲ್ಲರು. ಅಕ್ಟೋಬರ್ 1ಕ್ಕೆ ಹೊಸ ಹಣಕಾಸು ವರ್ಷ ಶುರುವಾಗುವಷ್ಟರಲ್ಲಿ ಹನ್ನೆರಡು ಅನುದಾನ ಮಸೂದೆಗಳು ಅಥವಾ ಅವುಗಳ ಬದಲಿಗೆ ತಾತ್ಕಾಲಿಕ ಮಸೂದೆಯೊಂದು ಅಂಗೀಕಾರವಾಗದಿದ್ದರೆ, ಮಂಜೂರಾಗದ ಹಣವನ್ನು ಖರ್ಚು ಮಾಡಬಾರದೆಂಬ ಹತ್ತೊಂಬತ್ತನೆಯ ಶತಮಾನದ ಕಾಯ್ದೆಯೊಂದು ಕಚೇರಿಗಳ ಬಾಗಿಲು ಮುಚ್ಚಿಸುತ್ತದೆ. ಆ ಕಾಯ್ದೆಗೆ ಇಷ್ಟು ಕಠಿಣವಾದ ಅರ್ಥ ಬಂದದ್ದು 1980ರಲ್ಲಿ ಅಂದಿನ ಅಟಾರ್ನಿ ಜನರಲ್ ಸಿವಿಲೆಟ್ಟಿ ಕೊಟ್ಟ ಅಭಿಪ್ರಾಯದಿಂದ. ಅದಕ್ಕೆ ಮೊದಲು ಹಣದ ಮಂಜೂರಾತಿ ತಪ್ಪಿದರೂ ಕಚೇರಿಗಳು ಹೇಗೋ ನಡೆಯುತ್ತಿದ್ದವು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ನಡೆದ 43 ದಿನಗಳ ಶಟ್‌ಡೌನ್ ಅಲ್ಲಿಯವರೆಗಿನ ಅತ್ಯಂತ ದೀರ್ಘವಾದದ್ದು. ಆರೋಗ್ಯ ವಿಮೆಯ ಕಂತಿಗೆ ಕೊಡುತ್ತಿದ್ದ ಹೆಚ್ಚುವರಿ ಸಹಾಯಧನವನ್ನು ಮುಂದುವರಿಸಬೇಕೆಂಬುದು ಡೆಮಾಕ್ರಟರ ಪಟ್ಟು. ರಿಪಬ್ಲಿಕನ್ನರಿಗೆ ಬಹುಮತವಿತ್ತು, ಆದರೆ ಅರವತ್ತು ಇರಲಿಲ್ಲ. ಕಡೆಗೆ ಸೆನೆಟ್ಟಿನಲ್ಲಿ ಮಸೂದೆ ದಾಟಿದ್ದು ಸರಿಯಾಗಿ 60-40ಕ್ಕೆ. ಗಿರಮಿಟ್ಟಿನ ದಿನ ಕಲಿತ ಸಂಖ್ಯೆ ಇಲ್ಲಿ ಮತ್ತೆ ಎದುರಾದಾಗ ಬೆಂಚುಗಳಲ್ಲಿ ಗುಜುಗುಜು ಎದ್ದಿತು.

ಈ ಕೋರ್ಸಿನ ಅತ್ಯುತ್ತಮ ಪಾಠ ಪಠ್ಯಕ್ರಮದಲ್ಲಿ ಇರಲೇ ಇಲ್ಲ. ನವಲಗುಂದದ ಕಡೆಯ ವಿದ್ಯಾರ್ಥಿಯೊಬ್ಬ, ಅಲ್ಲಿಯೂ ರಾಜ್ಯಗಳು ನೀರಿಗಾಗಿ ಜಗಳಾಡುತ್ತವೆಯೇ, ಆಡಿದರೆ ಯಾರು ತೀರಿಸುತ್ತಾರೆ ಎಂದು ಕೇಳಿದ. 2015ರಿಂದ ನರಗುಂದದಲ್ಲಿ ಮಹದಾಯಿಗಾಗಿ ರೈತರು ಧರಣಿ ಕೂತದ್ದನ್ನು ಕಂಡವರ ನಾಡಿನಿಂದ ಬಂದ ಪ್ರಶ್ನೆ ಅದು. ಪ್ರಾಧ್ಯಾಪಕರು ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿ ಕೈತೊಳೆದುಕೊಳ್ಳದೆ ಮುಂದಿನ ಶನಿವಾರ ಕೊಲರಾಡೊ ನದಿಯ ನಕ್ಷೆಯೊಂದಿಗೆ ಬಂದರು. 1922ರ ನವೆಂಬರಿನಲ್ಲಿ ಅಂದಿನ ವಾಣಿಜ್ಯ ಕಾರ್ಯದರ್ಶಿ ಹರ್ಬರ್ಟ್ ಹೂವರರ ಅಧ್ಯಕ್ಷತೆಯಲ್ಲಿ ಏಳು ರಾಜ್ಯಗಳ ಪ್ರತಿನಿಧಿಗಳು ಕೂತು, ಮೇಲಿನ ಕಣಿವೆಗೆ ಮತ್ತು ಕೆಳಗಿನ ಕಣಿವೆಗೆ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ನೀರೆಂದು ಒಪ್ಪಂದ ಮಾಡಿಕೊಂಡರು. ಒಂದು ಎಕರೆ-ಅಡಿ ಎಂದರೆ 43,560 ಘನ ಅಡಿ. ಹಲಗೆಯ ಮೇಲೆ ಗುಣಿಸಿ ನೋಡಿದಾಗ ಒಂದೊಂದು ಪಾಲು ಸುಮಾರು 327 ಟಿಎಂಸಿ ಆಯಿತು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ. ಟಿಎಂಸಿಯ ಭಾಷೆ ಈ ಭಾಗದ ಪ್ರತಿ ಮನೆಗೂ ಗೊತ್ತಿರುವುದರಿಂದ ಕೊಲರಾಡೊದ ಗಾತ್ರ ಒಮ್ಮೆಲೇ ಕಣ್ಣಿಗೆ ಕಟ್ಟಿತು.

ಆದರೆ ಪಾಠದ ತಿರುಳು ಗಾತ್ರದಲ್ಲಿರಲಿಲ್ಲ. ಒಪ್ಪಂದ ಮಾಡಿಕೊಂಡವರು ಲೆಕ್ಕಕ್ಕೆ ಹಿಡಿದದ್ದು ಮಳೆ ಚೆನ್ನಾಗಿದ್ದ ವರ್ಷಗಳ ಹರಿವನ್ನು. ಆದ್ದರಿಂದ ನದಿಯಲ್ಲಿ ಇಲ್ಲದ ನೀರನ್ನೂ ಅವರು ಹಂಚಿಕೊಂಡಂತಾಯಿತು. ಅರಿಜೋನಾ 1944ರವರೆಗೆ ಆ ಒಪ್ಪಂದವನ್ನು ಅನುಮೋದಿಸಲಿಲ್ಲ, 1952ರಲ್ಲಿ ಕ್ಯಾಲಿಫೋರ್ನಿಯಾದ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು, ತೀರ್ಪು ಬಂದದ್ದು 1963ರಲ್ಲಿ. ರಾಜ್ಯ-ರಾಜ್ಯಗಳ ವ್ಯಾಜ್ಯವನ್ನು ಮೊದಲಿಗೇ ಕೇಳುವ ಅಧಿಕಾರ ಅಲ್ಲಿಯ ಸುಪ್ರೀಂ ಕೋರ್ಟಿಗಿದೆ. ಸಾಕ್ಷ್ಯ ಸಂಗ್ರಹಕ್ಕೆ ಅದು ‘ಸ್ಪೆಷಲ್ ಮಾಸ್ಟರ್’ ಒಬ್ಬರನ್ನು ನೇಮಿಸುತ್ತದೆ. ನಮ್ಮಲ್ಲಿ 262ನೆಯ ವಿಧಿ ಮತ್ತು 1956ರ ಅಂತರರಾಜ್ಯ ನದಿ ನೀರಿನ ವಿವಾದಗಳ ಕಾಯ್ದೆ ಅಂಥ ವ್ಯಾಜ್ಯವನ್ನು ನ್ಯಾಯಮಂಡಳಿಗೆ ಒಪ್ಪಿಸುತ್ತವೆ. ಹನ್ನೊಂದು ವರ್ಷ ಕೋರ್ಟಿನಲ್ಲಿ ಕಳೆದ ಅರಿಜೋನಾ ಮತ್ತು 2010ರಲ್ಲಿ ರಚನೆಯಾದ ನ್ಯಾಯಮಂಡಳಿಯಿಂದ 2018ರಲ್ಲಿ ತೀರ್ಪು ಪಡೆದೂ ಕಳಸಾ-ಬಂಡೂರಿಗಾಗಿ ಕಾಯುತ್ತಿರುವ ನಾವು, ಇವರಲ್ಲಿ ಯಾರು ಹೆಚ್ಚು ಪುಣ್ಯವಂತರು ಎಂದು ಪ್ರಾಧ್ಯಾಪಕರು ಕೇಳಿದಾಗ ಆ ನವಲಗುಂದದ ಹುಡುಗ, ‘ಅವರ ಕಡೆ ಕಾಲುವೆರ ಅದಾವ್ರಿ ಸರ್’ ಎಂದ. ಕೇಂದ್ರದವರು ಮುಂದಿನ ತಂಡಕ್ಕೆ ಈ ಪಾಠವನ್ನು ಪಠ್ಯಕ್ರಮದಲ್ಲಿಯೇ ಸೇರಿಸಬೇಕು. ಯಾರಾದರೂ ಕೇಳಿದರೆ ಮಾತ್ರ ಸಿಗುವಂತಾಗಬಾರದು.

ಇನ್ನು ಸೊರಗಿದ ಭಾಗಗಳು. ನ್ಯಾಯಾಂಗದ ಪಾಠಕ್ಕೆ ಬೇರೊಬ್ಬ ಉಪನ್ಯಾಸಕರು ಬಂದರು, ಅವರೊಂದಿಗೆ ಕೋಚಿಂಗಿನ ಹಳೆಯ ಚಾಳಿಯೂ ಬಂತು. 1803ರ ಮಾರ್ಬರಿ, 1954ರ ಬ್ರೌನ್, 1973ರ ರೋ, 2010ರ ಸಿಟಿಜನ್ಸ್ ಯುನೈಟೆಡ್, 2022ರ ಡಾಬ್ಸ್ ಎಂದು ಮೊಕದ್ದಮೆಗಳ ಹೆಸರುಗಳನ್ನು ಸಾಲಾಗಿ ಬರೆಸಿ, ಒಂದೊಂದಕ್ಕೆ ಎರಡೆರಡು ವಾಕ್ಯ ಹೇಳಿ ಮುಗಿಸಿದರು. ನ್ಯಾಯಾಲಯ ಯಾವುದನ್ನು ನಿಲ್ಲಿಸಬಲ್ಲದು, ಅದನ್ನು ಯಾರು ದಾಟಬಲ್ಲರು ಎಂಬ ಪ್ರಶ್ನೆ ಏಳಲೇ ಇಲ್ಲ. ವಕೀಲನಾಗಿ ನನಗೆ ಇದು ಹೆಚ್ಚು ನೋವಿನ ವಿಷಯ. 1973ರ ಕೇಶವಾನಂದ ಭಾರತಿ ತೀರ್ಪಿನಿಂದ ನಮ್ಮ ಸುಪ್ರೀಂ ಕೋರ್ಟ್ ಸಂವಿಧಾನದ ತಿದ್ದುಪಡಿಯನ್ನೇ ಅನೂರ್ಜಿತಗೊಳಿಸುವ ಅಧಿಕಾರ ಪಡೆದುಕೊಂಡಿದೆ. ಅಮೆರಿಕದ ಕೋರ್ಟ್ ಇಂದಿನವರೆಗೆ ಒಂದು ತಿದ್ದುಪಡಿಯನ್ನೂ ಹಾಗೆ ತಳ್ಳಿಹಾಕಿಲ್ಲ. ಅಲ್ಲಿ ತಿದ್ದುಪಡಿ ತರುವುದೇ ದುಸ್ತರವಾದುದರಿಂದ ಆ ಪ್ರಶ್ನೆ ತೀವ್ರವಾಗಿ ಏಳಲಿಲ್ಲವೇನೋ: ಎರಡೂ ಸದನಗಳಲ್ಲಿ ಮೂರನೆಯ ಎರಡು, ಮೇಲೆ ಐವತ್ತರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಎರಡು ಶತಮಾನ ದಾಟಿದರೂ ತಿದ್ದುಪಡಿಗಳು ಇಪ್ಪತ್ತೇಳೇ. ಅವುಗಳಲ್ಲಿ ಕೊನೆಯದು 1789ರಲ್ಲಿ ಪ್ರಸ್ತಾಪವಾಗಿ 1992ರಲ್ಲಿ ಅನುಮೋದನೆ ಪಡೆಯಿತು. ನಮ್ಮವು ಆಗಲೇ ನೂರನ್ನು ದಾಟಿವೆ. ಹೋಲಿಕೆಗೆ ಇದಕ್ಕಿಂತ ಫಲವತ್ತಾದ ನೆಲ ಇನ್ನೊಂದಿಲ್ಲ. ಅದನ್ನು ಬೀಳು ಬಿಟ್ಟರು.

ಮುದ್ರಿತ ನೋಟ್ಸಿನ ಬಗ್ಗೆ ಸೌಜನ್ಯದಿಂದ ಹೇಳಲು ಹೆಚ್ಚೇನೂ ಇಲ್ಲ. ಗರ್ಭಪಾತದ ಹಕ್ಕು ಸಂವಿಧಾನದಿಂದ ರಕ್ಷಿತವಾಗಿದೆ ಎಂದು ಅದರಲ್ಲಿ ಇಂದಿಗೂ ಅಚ್ಚಾಗಿದೆ. 2022ರ ಜೂನ್ 24ರ ಡಾಬ್ಸ್ ತೀರ್ಪು ಆ ವಿಷಯವನ್ನು ರಾಜ್ಯಗಳಿಗೆ ಮರಳಿಸಿದ್ದನ್ನು ತರಗತಿಯಲ್ಲಿ ಹೇಳಿದವರು ನೋಟ್ಸಿನಲ್ಲಿ ತಿದ್ದಲಿಲ್ಲ. ಅತಿ ದೀರ್ಘ ಶಟ್‌ಡೌನ್ 35 ದಿನಗಳದ್ದು ಎಂದೂ ಇದೆ. ಪರೀಕ್ಷೆ ಬರೆಯುವ ಮಕ್ಕಳ ಕೈಗೆ ಇದನ್ನು ಕೊಟ್ಟು ಹಣ ಪಡೆಯುವುದು ಸರಿಯಲ್ಲ. ಕಚೇರಿಯಲ್ಲಿ ಕೇಳಿದಾಗ, ‘ಪ್ರಿಂಟ್ ಹಾಕ್ಸಿದ್ದು ಖರ್ಚಾಗ್ಲಿ ತಡೀರಿ’ ಎಂಬ ಉತ್ತರ ಬಂತು.

ಅಧ್ಯಕ್ಷರ ಅಧಿಕಾರದ ಪಾಠವನ್ನು ಪ್ರಾಧ್ಯಾಪಕರೇ ಮಾಡಿದರು. ಅದು ಚೆನ್ನಾಗಿಯೇ ಇತ್ತು. ಬ್ಯಾಡಗಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ, ಆಮದು ಸುಂಕವನ್ನು ಒಬ್ಬ ಮನುಷ್ಯ ಒಂದು ಸಹಿಯಿಂದ ಏರಿಸಬಹುದೇ ಎಂದು ಕೇಳಿದ್ದರಿಂದ ಪಾಠಕ್ಕೆ ಒಂದು ಹಿಡಿ ಸಿಕ್ಕಿತು. ಸುಂಕ ವಿಧಿಸುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್ಸಿಗೆ. 1934ರಿಂದ ಈಚೆಗೆ ಕಾಂಗ್ರೆಸ್ಸು ಬೇರೆ ಬೇರೆ ಕಾಯ್ದೆಗಳ ಮೂಲಕ ಅದರ ಭಾಗಗಳನ್ನು ಅಧ್ಯಕ್ಷರ ಕೈಗೆ ಕೊಡುತ್ತ ಬಂದಿತು. 1962ರದು ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ, 1974ರದು ಅನ್ಯಾಯದ ವ್ಯಾಪಾರದ ಹೆಸರಿನಲ್ಲಿ. 2025ರ ಆಗಸ್ಟಿನಲ್ಲಿ ಭಾರತದ ಬಹಳಷ್ಟು ಸರಕುಗಳ ಮೇಲೆ ಒಟ್ಟು ಶೇಕಡಾ 50ರ ಸುಂಕ ಬಿದ್ದದ್ದು 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯ ಆಧಾರದಲ್ಲಿ. ಆ ಕಾಯ್ದೆ ಸುಂಕದ ಅಧಿಕಾರವನ್ನು ಕೊಡುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಅದೇ ನವೆಂಬರ್ 5ರಂದು ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ಅಧಿಕಾರ ಕಸಿದುಕೊಂಡವರಿಗಿಂತ ಬಿಟ್ಟುಕೊಟ್ಟವರ ಕಥೆಯೇ ಇಲ್ಲಿ ದೊಡ್ಡದು ಎಂದು ಪ್ರಾಧ್ಯಾಪಕರು ಹೇಳಿದ್ದು ಯೋಚಿಸಬೇಕಾದ ಮಾತು.

ನೀತಿ ಚರ್ಚೆಗಳಿಗೆ ಮೀಸಲಿಟ್ಟ ಕೊನೆಯ ವಾರಗಳು ಏರುಪೇರಾಗಿದ್ದವು. ಆರೋಗ್ಯ ವಿಮೆಯ ಪಾಠ ಗಟ್ಟಿಯಾಗಿತ್ತು. 1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದದ್ದು, 2010ರ ಆರೋಗ್ಯ ವಿಮೆ ಕಾಯ್ದೆ (ಒಬಾಮಾಕೇರ್) ಮೆಡಿಕೇಡನ್ನು ವಿಸ್ತರಿಸಿದ್ದು, 2012ರಲ್ಲಿ ಸುಪ್ರೀಂ ಕೋರ್ಟ್ ಆ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು, ಇಂದಿಗೂ ಹತ್ತು ರಾಜ್ಯಗಳು ಅದನ್ನು ಒಪ್ಪಿಕೊಳ್ಳದಿರುವುದು, 2017ರ ಜುಲೈ 28ರ ಬೆಳಗಿನ ಜಾವ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ತಮ್ಮದೇ ಪಕ್ಷದ ವಿರುದ್ಧ ಹೆಬ್ಬೆರಳು ಕೆಳಗೆ ಮಾಡಿ ಆ ಕಾಯ್ದೆಯನ್ನು ಉಳಿಸಿದ್ದು, ಇವೆಲ್ಲ ಒಂದೇ ಎಳೆಯಲ್ಲಿ ಬಂದವು. ವಲಸೆಯ ಪಾಠ ಮಾತ್ರ ಹಾದಿ ತಪ್ಪಿತು. ವರ್ಷಕ್ಕೆ 65,000 ಎಚ್-1ಬಿ ವೀಸಾಗಳು, ಅಲ್ಲಿಯ ಸ್ನಾತಕೋತ್ತರ ಪದವೀಧರರಿಗೆ ಇನ್ನು 20,000, ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ, 2025ರ ಸೆಪ್ಟೆಂಬರಿನ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಎಂಬಲ್ಲಿಗೆ ಬರುವಷ್ಟರಲ್ಲಿ ಯಾರ ಮಗನಿಗೆ ಯಾವ ವರ್ಷ ಲಾಟರಿ ಹತ್ತಿತು ಎಂಬ ಮಾತಿಗೆ ತರಗತಿ ಜಾರಿತು. ಬ್ಯಾಂಕ್ ಮ್ಯಾನೇಜರರ ಮಗಳ ವೀಸಾ ಸ್ಥಿತಿ ಈಗ ನಮಗೆಲ್ಲರಿಗೂ ಗೊತ್ತು. ಚುನಾವಣೆಯ ಹಣದ ವಿಷಯವನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು. 2024ರ ಫೆಬ್ರವರಿಯಲ್ಲಿ ನಮ್ಮ ಕೋರ್ಟ್ ಚುನಾವಣಾ ಬಾಂಡನ್ನು ರದ್ದು ಮಾಡಿದ ದೇಶದಲ್ಲಿ ಕೂತು, ಚುನಾವಣೆಯಲ್ಲಿ ಕಂಪನಿಗಳ ಸ್ವತಂತ್ರ ಖರ್ಚಿಗಿದ್ದ ತಡೆಯನ್ನು ತೆಗೆದ ಸಿಟಿಜನ್ಸ್ ಯುನೈಟೆಡ್ ತೀರ್ಪನ್ನು ಅಷ್ಟು ಹಗುರಾಗಿ ದಾಟಬಾರದಿತ್ತು.

ಕೊಠಡಿ ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು; ಮೊಣಕಾಲು ನೋವಿರುವವರು ಯೋಚಿಸಬೇಕು. ಫ್ಯಾನು, ಬೆಳಕು, ಕುಡಿಯುವ ನೀರು ಸರಿಯಾಗಿವೆ. ಹುಬ್ಬಳ್ಳಿಯವರಿಗೆ ಚಿಗರಿ ಬಸ್ಸಿನ ಅನುಕೂಲವಿದೆ, ಆದರೆ ಪ್ರಶ್ನೋತ್ತರ ಸೇರಿದರೆ ಪಾಠ ಎಂಟೂವರೆ ದಾಟುವುದರಿಂದ ಗದಗ ಮತ್ತು ಹಾವೇರಿಯ ಕಡೆಯವರು ಕೊನೆಯ ಅರ್ಧ ಗಂಟೆಯನ್ನು ಬಿಟ್ಟೇ ಹೊರಡಬೇಕಾಗುತ್ತಿತ್ತು, ಒಳ್ಳೆಯ ಪ್ರಶ್ನೆಗಳು ಏಳುತ್ತಿದ್ದುದು ಆಗಲೇ. ವಾರದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಪ್ರಾಧ್ಯಾಪಕರು ತಾವೇ ತಿದ್ದಿ, ಅಂಚಿನಲ್ಲಿ ಬರೆದು ಕೊಡುತ್ತಿದ್ದರು. ಮುಂದಿನ ತಂಡ ದಸರೆಯ ನಂತರ ಶುರುವಾಗುತ್ತದೆಂದು ಬೋರ್ಡಿನಲ್ಲಿದೆ. ಸೇರುವವರು ಎಲ್ಲ ಪಾಠಗಳನ್ನು ಅದೇ ಪ್ರಾಧ್ಯಾಪಕರು ಮಾಡುತ್ತಾರೆಯೇ ಎಂದು ಕೇಳಿಕೊಂಡು ಹಣ ಕಟ್ಟಬೇಕು. ತರಗತಿಗೆ ಬರಲಾಗದವರಿಗೆ ನೋಟ್ಸನ್ನಷ್ಟೇ ಆರುನೂರು ರೂಪಾಯಿಗೆ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಮಾರುತ್ತಾರೆ, ಅದನ್ನು ಕೊಳ್ಳಬೇಡಿ.